ಮೇನ್‌ಫ್ರೇಮ್‌ ಟೇಪ್‌ ಸಂಗ್ರಹ: ಹಳೆಯ ಟೇಪ್‌ಗಳ ನಿರ್ವಹಣೆ ಹೇಗೆ? ಹೊಸ ವ್ಯವಸ್ಥೆಗೆ ಬದಲಾಯಿಸುವಾಗ ಗಮನಿಸಬೇಕಾದ್ದೇನು? ಇಲ್ಲಿದೆ ಪೂರ್ಣ ಮಾಹಿತಿ

ಹೈದರಾಬಾದ್‌: ನಗರದ ಈಶಾನ್ಯ ಭಾಗದ ಕುಷಾಯಿಗೂಡಕ್ಕೆ ಹೋಗಬೇಕೆಂದರೆ ಬಸ್‌ ಕಂಡಕ್ಟರ್‌ ಮೊದಲು ಹೇಳುವ ಹೆಸರು ‘ಇಸಿಐಎಲ್‌ ಕ್ರಾಸ್‌ ರೋಡ್ಸ್‌’. ದೇಶಕ್ಕೆ ಸ್ವದೇಶಿ ಡಿಜಿಟಲ್‌ ಕಂಪ್ಯೂಟರ್‌ಗಳನ್ನು ತಯಾರಿಸಿ ಕೊಟ್ಟ ಎಲೆಕ್ಟ್ರಾನಿಕ್ಸ್‌ ಕಾರ್ಪೊರೇಷನ್‌ ಆಫ್‌ ಇಂಡಿಯಾ ಲಿಮಿಟೆಡ್‌ ಇರುವುದು ಇಲ್ಲೇ. ಆ ಕಾಲದ ಕಂಪ್ಯೂಟರ್‌ಗಳು ಈಗ ಬಳಕೆಯಲ್ಲಿಲ್ಲ. ಆದರೆ ಅವುಗಳಿಗಿಂತಲೂ ಹಳೆಯದಾದ ಒಂದು ತಂತ್ರಜ್ಞಾನ ಮಾತ್ರ ಇಂದಿಗೂ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ದುಡಿಯುತ್ತಿದೆ. ಅದೇ ಮ್ಯಾಗ್ನೆಟಿಕ್‌ ಟೇಪ್‌.

ಹೌದು, ಕ್ಯಾಸೆಟ್‌ ಕಾಲ ಮುಗಿಯಿತು ಎಂದು ನಾವು ಅಂದುಕೊಂಡಿದ್ದರೂ ಬ್ಯಾಂಕ್‌, ವಿಮೆ, ವಿಮಾನಯಾನ ಕ್ಷೇತ್ರದ ಮೇನ್‌ಫ್ರೇಮ್‌ಗಳ ಹಳೆಯ ದಾಖಲೆಗಳು ಈಗಲೂ ಟೇಪ್‌ನಲ್ಲೇ ಇವೆ. ಇಂತಹ ವಿದೇಶಿ ಸಂಸ್ಥೆಗಳ ಮೇನ್‌ಫ್ರೇಮ್‌ ನಿರ್ವಹಣೆಯ ಕೆಲಸ ಬೆಂಗಳೂರು, ಹೈದರಾಬಾದ್‌ನ ಕಚೇರಿಗಳಲ್ಲೂ ನಡೆಯುತ್ತದೆ. ಟೇಪ್‌ ಎಂದರೇನು, ಅದನ್ನು ಹೇಗೆ ನಿರ್ವಹಿಸುತ್ತಾರೆ, ಹೊಸ ವ್ಯವಸ್ಥೆಗೆ ಸಾಗಿಸುವಾಗ ಎಲ್ಲಿ ಎಡವುತ್ತಾರೆ ಎಂಬುದನ್ನು ತಿಳಿಯೋಣ.

ಕುಷಾಯಿಗೂಡದ ನಂಟು

ಪರಮಾಣು ಇಂಧನ ಇಲಾಖೆಯ ಅಡಿಯಲ್ಲಿ 1967ರ ಏಪ್ರಿಲ್‌ 11ರಂದು ಇಸಿಐಎಲ್‌ ಸ್ಥಾಪನೆಯಾಯಿತು. ಇದರ ರೂವಾರಿ ವಿಜ್ಞಾನಿ ಡಾ. ಎ.ಎಸ್‌. ರಾವ್‌. ಪಕ್ಕದ ಎ.ಎಸ್‌. ರಾವ್‌ ನಗರಕ್ಕೆ ಬಂದಿರುವುದು ಅವರದೇ ಹೆಸರು. ಟ್ರಾಂಬೆಯಲ್ಲಿ ರೂಪುಗೊಂಡ ‘ಟ್ರಾಂಬೆ ಡಿಜಿಟಲ್‌ ಕಂಪ್ಯೂಟರ್‌’ ಅಂದರೆ ಟಿಡಿಸಿ-12 ಅನ್ನು ಸಂಸ್ಥೆ 1969ರಲ್ಲಿ ಹೊರತಂದಿತು. 70ರ ದಶಕದಲ್ಲಿ ಟಿಡಿಸಿ-312 ಮತ್ತು 16 ಬಿಟ್‌ನ ಟಿಡಿಸಿ-316 ಬಂದವು. ಇವು ಮೇನ್‌ಫ್ರೇಮ್‌ಗಳಲ್ಲ, ಗಾತ್ರದಲ್ಲಿ ಚಿಕ್ಕದಾದ ಮಿನಿ ಕಂಪ್ಯೂಟರ್‌ಗಳು. ಇವಿಎಂ ತಯಾರಿಸುವ ದೇಶದ ಎರಡು ಸರ್ಕಾರಿ ಸಂಸ್ಥೆಗಳಲ್ಲಿ ಇಸಿಐಎಲ್‌ ಒಂದಾದರೆ ಇನ್ನೊಂದು ನಮ್ಮ ಬೆಂಗಳೂರಿನ ಬಿಇಎಲ್‌.

ಅದೇ ವೇಳೆ ಐಬಿಎಂ ಕಂಪನಿಯ ಯಂತ್ರಗಳೂ ದೇಶದಲ್ಲಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್‌ ಕೇಂದ್ರ 70ರ ದಶಕದಲ್ಲಿ ಬಳಸಿದ್ದು ಐಬಿಎಂ 360/44 ಯಂತ್ರವನ್ನು. ವಿದೇಶಿ ಬಂಡವಾಳದ ನಿಯಮದ ವಿಚಾರದಲ್ಲಿ ಸರ್ಕಾರದ ಜತೆ ಹೊಂದಾಣಿಕೆಯಾಗದೆ ಐಬಿಎಂ 1978ರಲ್ಲಿ ಭಾರತದಿಂದ ಹೊರನಡೆಯಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಸರ್ಕಾರಿ ಸಂಸ್ಥೆ ಸಿಎಂಸಿ ಪಾಲಿಗೆ ಬಂತು. ಯಂತ್ರ ತಯಾರಿಸಿದವರು ಇಲ್ಲದಿದ್ದರೂ ಯಂತ್ರ ನಡೆಯಬೇಕು, ಅದರೊಳಗಿನ ಮಾಹಿತಿ ಸಿಗಬೇಕು. ಇಂದು ಟೇಪ್‌ ನಿರ್ವಹಣೆಯ ಮುಂದಿರುವ ಸವಾಲೂ ಹೆಚ್ಚು ಕಡಿಮೆ ಇದೇ.

ಮೇನ್‌ಫ್ರೇಮ್‌ ಎಂದರೇನು? ಟೇಪ್‌ ಏಕೆ?

ಒಂದೇ ಸಮಯದಲ್ಲಿ ಲಕ್ಷಾಂತರ ವಹಿವಾಟುಗಳನ್ನು ತಪ್ಪಿಲ್ಲದೆ, ನಿಲ್ಲದೆ ನಡೆಸುವ ದೊಡ್ಡ ಕಂಪ್ಯೂಟರ್‌ ಮೇನ್‌ಫ್ರೇಮ್‌. ತಕ್ಷಣಕ್ಕೆ ಬೇಕಾದ ಮಾಹಿತಿ ಅದರ ಡಿಸ್ಕ್‌ನಲ್ಲಿರುತ್ತದೆ. ದಿನದ ಕೊನೆಯ ಬ್ಯಾಕಪ್‌, ತಿಂಗಳ ಲೆಕ್ಕ, ಹತ್ತಾರು ವರ್ಷ ಕಾಪಾಡಬೇಕಾದ ದಾಖಲೆ ಟೇಪ್‌ಗೆ ಹೋಗುತ್ತದೆ.

ಟೇಪ್‌ ಎಂದರೆ ಕಾಂತೀಯ ಪುಡಿಯ ಲೇಪನವಿರುವ ತೆಳುವಾದ ಪ್ಲಾಸ್ಟಿಕ್‌ ಪಟ್ಟಿ. ಡಿಸ್ಕ್‌ನಲ್ಲಿ ಬೇಕಾದ ಜಾಗಕ್ಕೆ ನೇರವಾಗಿ ಹೋಗಬಹುದು. ಟೇಪ್‌ನಲ್ಲಿ ಹಾಗಲ್ಲ, ಹಳೆಯ ಹಾಡಿನ ಕ್ಯಾಸೆಟ್‌ನಂತೆ ಸುತ್ತಿಕೊಂಡು ಹೋಗಬೇಕು. ಹೀಗಾಗಿ ಒಂದು ಚಿಕ್ಕ ಫೈಲ್‌ ಹುಡುಕಲು ಟೇಪ್‌ ನಿಧಾನ. ಆದರೆ ಒಮ್ಮೆ ಓಡಲು ಶುರುಮಾಡಿದರೆ ರಾಶಿಗಟ್ಟಲೆ ಮಾಹಿತಿಯನ್ನು ವೇಗವಾಗಿ ಬರೆಯುತ್ತದೆ, ಓದುತ್ತದೆ.

ಟೇಪ್‌ ಬೆಳೆದು ಬಂದ ಹಾದಿ

* 1952: ಐಬಿಎಂ 701 ಕಂಪ್ಯೂಟರ್‌ ಜತೆ 726 ಟೇಪ್‌ ಯಂತ್ರ ಬಂತು. ಒಂದು ಸುರುಳಿಯಲ್ಲಿ ಸುಮಾರು 20 ಲಕ್ಷ ಅಂಕಿಗಳನ್ನು ಇಡಬಹುದಿತ್ತು.
* 1964: ಸಿಸ್ಟಂ/360 ಜತೆ 9 ಟ್ರ್ಯಾಕ್‌ ಟೇಪ್‌ ಬಂತು. ಹಳೆಯ ಸಿನಿಮಾಗಳಲ್ಲಿ ಕಾಣುವ ತಿರುಗುವ ದೊಡ್ಡ ಚಕ್ರಗಳು ಈ ಬಗೆಯವೇ.
* 1984: ಸುರುಳಿ ಹೋಗಿ ಅಂಗೈ ಅಗಲದ 3480 ಕಾರ್ಟ್ರಿಡ್ಜ್‌ ಬಂತು. ಸಾಮರ್ಥ್ಯ 200 ಎಂಬಿ.
* 1995: 3590 ಸರಣಿ ಬಂತು. ಒಂದೇ ಕಾರ್ಟ್ರಿಡ್ಜ್‌ಗೆ 10 ಜಿಬಿ.
* 2003: 3592 ಸರಣಿ ಶುರುವಾಯಿತು. ಮೊದಲ ಪೀಳಿಗೆಯಲ್ಲಿ 300 ಜಿಬಿ.
* 2018: ಇದೇ ಸರಣಿಯ ಟಿಎಸ್‌1160 ಡ್ರೈವ್‌ನಲ್ಲಿ 20 ಟಿಬಿ.
* 2023: ಟಿಎಸ್‌1170 ಡ್ರೈವ್‌ನಲ್ಲಿ 50 ಟಿಬಿ.

ಈ ಬೆಳವಣಿಗೆಯ ಅರ್ಥವನ್ನು ಒಂದು ಸರಳ ಲೆಕ್ಕದಲ್ಲಿ ನೋಡಬಹುದು. 1984ರ ಮಾದರಿಯ ಒಂದು ಲಕ್ಷ ಕಾರ್ಟ್ರಿಡ್ಜ್‌ಗಳಲ್ಲಿದ್ದ ಮಾಹಿತಿ ಒಟ್ಟು 20 ಟಿಬಿ. ಅಂದರೆ ಒಂದು ಕಟ್ಟಡ ತುಂಬುವಷ್ಟು ಟೇಪ್‌ಗಳ ಮಾಹಿತಿ ಇಂದು ಜೇಬಿನಲ್ಲಿ ಹಿಡಿಯುವ ಒಂದೇ ಕಾರ್ಟ್ರಿಡ್ಜ್‌ಗೆ ಬರುತ್ತದೆ. ಲಾಭ ದೊಡ್ಡದು. ಅಪಾಯವೂ ಅಷ್ಟೇ ದೊಡ್ಡದು. ಅಂದು ಒಂದು ಟೇಪ್‌ ಹಾಳಾದರೆ ಹೋಗುತ್ತಿದ್ದುದು 200 ಎಂಬಿ, ಇಂದು ಹೋಗುವುದು ಇಡೀ ಕಟ್ಟಡ.

ಇಷ್ಟು ಹಳೆಯ ತಂತ್ರಜ್ಞಾನ ಇನ್ನೂ ಏಕಿದೆ?

ಮೊದಲ ಕಾರಣ ವೆಚ್ಚ. ಕಪಾಟಿನಲ್ಲಿ ಕುಳಿತ ಟೇಪ್‌ಗೆ ವಿದ್ಯುತ್‌ ಬೇಕಿಲ್ಲ, ತಿರುಗುವ ಭಾಗವೂ ಇಲ್ಲ. ಎರಡನೆಯದು ಬಾಳಿಕೆ. ಸರಿಯಾದ ತಾಪಮಾನದಲ್ಲಿಟ್ಟರೆ ಇಂದಿನ ಟೇಪ್‌ಗೆ 30 ವರ್ಷಗಳ ಆಯುಸ್ಸಿದೆ ಎನ್ನುತ್ತಾರೆ ತಯಾರಕರು.

ಮೂರನೆಯ ಕಾರಣ ಭದ್ರತೆ. ಡ್ರೈವ್‌ನಿಂದ ಹೊರತೆಗೆದ ಟೇಪ್‌ಗೂ ನೆಟ್‌ವರ್ಕ್‌ಗೂ ಸಂಬಂಧವೇ ಇಲ್ಲ. ಸಂಸ್ಥೆಯ ಎಲ್ಲ ಸರ್ವರ್‌ಗಳಿಗೂ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ ಕಪಾಟಿನಲ್ಲಿರುವ ಟೇಪ್‌ ಅನ್ನು ಮುಟ್ಟಲಾರದು. ತಂತ್ರಜ್ಞರು ಇದನ್ನು ‘ಏರ್‌ ಗ್ಯಾಪ್‌’ ಎನ್ನುತ್ತಾರೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್‌ ದಾಳಿಯಾದಾಗ ಹಲವು ದಿನ ರೋಗಿಗಳ ನೋಂದಣಿ ಕೈಬರಹದಲ್ಲೇ ನಡೆಯಿತು. ನಂಬಬಹುದಾದ ಬ್ಯಾಕಪ್‌ ಎಷ್ಟು ಮುಖ್ಯ ಎಂಬುದನ್ನು ಅಂದು ಸಾಮಾನ್ಯ ಜನರೂ ನೋಡಿದರು.

2011ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್‌ ದೋಷದಿಂದ ಕೆಲವು ಜಿಮೇಲ್‌ ಖಾತೆಗಳು ಖಾಲಿಯಾದಾಗಲೂ ಹೀಗೇ ಆಯಿತು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿದ್ದ ಪ್ರತಿಗಳಿಗೂ ಅದೇ ದೋಷ ತಟ್ಟಿತ್ತು. ಗೂಗಲ್‌ ಕೊನೆಗೆ ಆ ಮೇಲ್‌ಗಳನ್ನು ಮರಳಿ ತಂದದ್ದು ಟೇಪ್‌ನಿಂದ.

ಟೇಪ್‌ ನಿರ್ವಹಣೆ ಹೇಗೆ ನಡೆಯುತ್ತದೆ?

ಸಾವಿರಾರು ಟೇಪ್‌ಗಳಿರುವ ಕೋಣೆ ಒಂದು ದೊಡ್ಡ ಗ್ರಂಥಾಲಯವಿದ್ದಂತೆ. ಪುಸ್ತಕ ಎಷ್ಟಿವೆ ಎನ್ನುವುದಕ್ಕಿಂತ ಯಾವ ಪುಸ್ತಕ ಎಲ್ಲಿದೆ ಎಂಬ ಪಟ್ಟಿ ಮುಖ್ಯ. ಮೇನ್‌ಫ್ರೇಮ್‌ನಲ್ಲಿ ಆ ಪಟ್ಟಿ ಮೂರು ಕಡೆ ಇರುತ್ತದೆ.

1. ಟೇಪ್‌ ಮೇಲಿನ ಲೇಬಲ್‌: ಪ್ರತಿ ಟೇಪ್‌ಗೂ ಆರು ಅಕ್ಷರಗಳ ಸಂಖ್ಯೆ ಇರುತ್ತದೆ. ಇದಕ್ಕೆ ವಾಲ್ಯೂಮ್‌ ಸೀರಿಯಲ್‌ ಎನ್ನುತ್ತಾರೆ. ಹೊರಗೆ ಬಾರ್‌ಕೋಡ್‌ನಲ್ಲಿ ಅಂಟಿಸಿರುವ ಈ ಸಂಖ್ಯೆಯೇ ಟೇಪ್‌ನ ಆರಂಭದಲ್ಲೂ ಬರೆದಿರುತ್ತದೆ. ಪ್ರತಿ ಫೈಲ್‌ನ ಮುಂದೆ ಅದರ ಹೆಸರಿನ ಲೇಬಲ್‌ ಇರುತ್ತದೆ.
2. ಕ್ಯಾಟಲಾಗ್‌: ಯಾವ ಫೈಲ್‌ ಯಾವ ಸಂಖ್ಯೆಯ ಟೇಪ್‌ನಲ್ಲಿದೆ ಎಂದು ಆಪರೇಟಿಂಗ್‌ ಸಿಸ್ಟಂ ಇಟ್ಟುಕೊಳ್ಳುವ ಲೆಕ್ಕ.
3. ಟೇಪ್‌ ನಿರ್ವಹಣಾ ಸಾಫ್ಟ್‌ವೇರ್‌: ಐಬಿಎಂನ ಡಿಎಫ್‌ಎಸ್‌ಎಂಎಸ್‌ಆರ್‌ಎಂಎಂ, ಬ್ರಾಡ್‌ಕಾಮ್‌ನ ಸಿಎ 1 ಮುಂತಾದವು ಈ ಬಗೆಯವು. ಟೇಪ್‌ ಯಾವಾಗ ಬರೆದದ್ದು, ಯಾರದ್ದು, ಎಲ್ಲಿಯವರೆಗೆ ಕಾಪಾಡಬೇಕು, ಈಗ ಯಾವ ಕೋಣೆಯಲ್ಲಿದೆ ಎಂಬುದನ್ನು ಇವು ನೋಡಿಕೊಳ್ಳುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಮೇನ್‌ಫ್ರೇಮ್‌ನಲ್ಲಿ ಫೈಲ್‌ ಹೆಸರು 44 ಅಕ್ಷರಗಳವರೆಗೆ ಇರಬಹುದು. ಆದರೆ ಟೇಪ್‌ ಲೇಬಲ್‌ನಲ್ಲಿ ಜಾಗವಿರುವುದು ಕೊನೆಯ 17 ಅಕ್ಷರಗಳಿಗೆ ಮಾತ್ರ. ಕ್ಯಾಟಲಾಗ್‌ ಕಳೆದುಹೋದರೆ ಟೇಪ್‌ ಕೈಯಲ್ಲಿದ್ದರೂ ಅದರಲ್ಲಿರುವುದು ಯಾವ ವಿಭಾಗದ ಯಾವ ಫೈಲ್‌ ಎಂದು ಖಚಿತವಾಗಿ ಹೇಳಲಾಗದು. ಟೇಪ್‌ಗಿಂತ ಪಟ್ಟಿಯ ಬ್ಯಾಕಪ್‌ ಮೊದಲು ಎನ್ನುವುದು ಇದಕ್ಕೇ.

‘ಸ್ಕ್ರ್ಯಾಚ್‌’ ಎಂಬ ನಿರ್ಧಾರ

ಕಾಪಾಡುವ ಅವಧಿ ಮುಗಿದ ಟೇಪ್‌ ಮತ್ತೆ ಬಳಕೆಗೆ ಬರುತ್ತದೆ. ಇಂತಹ ಟೇಪ್‌ಗೆ ‘ಸ್ಕ್ರ್ಯಾಚ್‌’ ಎಂದು ಹೆಸರು. ಸಾಫ್ಟ್‌ವೇರ್‌ ಪ್ರತಿದಿನ ಪಟ್ಟಿ ನೋಡಿ ಅವಧಿ ಮುಗಿದವನ್ನು ಬೇರ್ಪಡಿಸುತ್ತದೆ. ಹಳೆಯ ಮಾಹಿತಿ ತಕ್ಷಣ ಅಳಿಯುವುದಿಲ್ಲ, ಅದರ ಮೇಲೆ ಹೊಸದನ್ನು ಬರೆದಾಗ ಹೋಗುತ್ತದೆ. ಹಾಗಾಗಿ ಅವಧಿಯನ್ನು ತಪ್ಪಾಗಿ ನಮೂದಿಸಿದರೆ ಎರಡೂ ಕಡೆ ತೊಂದರೆ. ಕಡಿಮೆ ಕೊಟ್ಟರೆ ಬೇಕಾದ ದಾಖಲೆ ಹೋಗುತ್ತದೆ. ಹೆಚ್ಚು ಕೊಟ್ಟರೆ ಬೇಡದ ಟೇಪ್‌ಗಳು ಕೊಳೆಯುತ್ತವೆ.

ಎರಡನೆಯ ತಪ್ಪಿಗೆ ‘99365’ ಒಳ್ಳೆಯ ಉದಾಹರಣೆ. ಹಿಂದೆ ಅವಧಿಯನ್ನು ವರ್ಷದ ಎರಡು ಅಂಕಿ ಮತ್ತು ದಿನದ ಮೂರು ಅಂಕಿಯಲ್ಲಿ ಬರೆಯುತ್ತಿದ್ದರು. 99365 ಎಂದರೆ 1999ರ 365ನೇ ದಿನ, ಅಂದರೆ ಡಿಸೆಂಬರ್‌ 31. ಅದು ಬಹಳ ದೂರವಿದೆ ಎಂಬ ಕಾರಣಕ್ಕೆ ‘ಎಂದಿಗೂ ಅಳಿಸಬೇಡ’ ಎಂಬ ಸಂಕೇತವಾಗಿ ಪ್ರೋಗ್ರಾಮರ್‌ಗಳು ಅದನ್ನು ಬಳಸತೊಡಗಿದರು. 2000ನೇ ಇಸವಿ ಹತ್ತಿರ ಬಂದಾಗ ಇದು ನಿಜವಾದ ದಿನಾಂಕವೋ ಸಂಕೇತವೋ ಎಂದು ಪ್ರತಿ ಕಡೆ ಪರಿಶೀಲಿಸಬೇಕಾಯಿತು. ಯಾರೋ ಎಂದೋ ಹೀಗೆ ಗುರುತು ಹಾಕಿದ ಟೇಪ್‌ಗಳನ್ನು ಅಳಿಸುವ ಧೈರ್ಯ ನಂತರ ಬಂದವರಿಗೆ ಇರುವುದಿಲ್ಲ. ಅವು ಹಾಗೇ ಉಳಿಯುತ್ತವೆ.

ನಾಸಾ ಕಲಿಸಿದ ಎರಡು ಪಾಠ

ಮೊದಲ ತಪ್ಪಿನ ಬೆಲೆ ತಿಳಿಯಲು ನಾಸಾ ಕಡೆ ನೋಡಬೇಕು. 1969ರಲ್ಲಿ ಅಪೊಲೊ 11 ಚಂದ್ರನಲ್ಲಿ ಇಳಿದಾಗ ಬಂದ ಮೂಲ ದೃಶ್ಯಗಳು ಟಿವಿಯಲ್ಲಿ ಪ್ರಸಾರವಾದದ್ದಕ್ಕಿಂತ ಸ್ಪಷ್ಟವಾಗಿದ್ದವು. ಅವು ದತ್ತಾಂಶದ ಟೇಪ್‌ಗಳಲ್ಲಿ ದಾಖಲಾಗಿದ್ದವು. ಹಲವು ವರ್ಷ ಹುಡುಕಿದ ನಾಸಾ, ಆ ಟೇಪ್‌ಗಳನ್ನು ಅಳಿಸಿ ಮರುಬಳಕೆ ಮಾಡಿರುವ ಸಾಧ್ಯತೆಯೇ ಹೆಚ್ಚು ಎಂದು 2009ರಲ್ಲಿ ಹೇಳಿತು. ಟೇಪ್‌ ಕೊರತೆಯ ಕಾಲದಲ್ಲಿ ಯಾರೋ ದಿನನಿತ್ಯದ ಕೆಲಸದಂತೆ ಅವನ್ನು ಸ್ಕ್ರ್ಯಾಚ್‌ ಪಟ್ಟಿಗೆ ಸೇರಿಸಿರಬಹುದು ಅಷ್ಟೇ.

ಎರಡನೆಯದು ಇದಕ್ಕೆ ಉಲ್ಟಾ. 1966-67ರ ಲೂನಾರ್‌ ಆರ್ಬಿಟರ್‌ ನೌಕೆಗಳು ಕಳಿಸಿದ ಚಂದ್ರನ ಚಿತ್ರಗಳ ಟೇಪ್‌ಗಳು ಉಳಿದಿದ್ದವು. ಆದರೆ ಅವನ್ನು ಓದುವ ಆಂಪೆಕ್ಸ್‌ ಎಫ್‌ಆರ್‌-900 ಯಂತ್ರ ಎಲ್ಲೂ ಬಳಕೆಯಲ್ಲಿರಲಿಲ್ಲ. ನಾಸಾದ ದಾಖಲೆ ಅಧಿಕಾರಿಯಾಗಿದ್ದ ನ್ಯಾನ್ಸಿ ಇವಾನ್ಸ್‌ ಟೇಪ್‌ಗಳನ್ನು ಎಸೆಯಲು ಬಿಡದೆ, ಹಳೆಯ ಯಂತ್ರಗಳನ್ನೂ ತಮ್ಮ ಬಳಿ ಉಳಿಸಿಕೊಂಡಿದ್ದರು. ಆ ಯಂತ್ರಗಳನ್ನು ದುರಸ್ತಿ ಮಾಡಿ 2008ರಲ್ಲಿ ಮೊದಲ ಚಿತ್ರವನ್ನು ಹೊರತೆಗೆಯಲಾಯಿತು. ಕ್ಯಾಲಿಫೋರ್ನಿಯಾದಲ್ಲಿ ಮುಚ್ಚಿಹೋಗಿದ್ದ ಒಂದು ಮೆಕ್‌ಡೊನಾಲ್ಡ್ಸ್‌ ಹೋಟೆಲ್‌ ಕಟ್ಟಡದಲ್ಲಿ ಈ ಕೆಲಸ ನಡೆಯಿತು.

ಎರಡೂ ಘಟನೆ ಸೇರಿ ಹೇಳುವುದು ಒಂದೇ ಮಾತು. ಟೇಪ್‌ ಇದ್ದರೆ ಸಾಲದು. ಅದರಲ್ಲಿ ಏನಿದೆ ಎಂಬ ಪಟ್ಟಿ ಮತ್ತು ಅದನ್ನು ಓದುವ ಯಂತ್ರ ಎರಡೂ ಇರಬೇಕು.

ಆಧುನೀಕರಣಕ್ಕೆ ಮೂರು ದಾರಿ

1. ಹೊಸ ಡ್ರೈವ್‌, ಹೊಸ ಟೇಪ್‌: ಹಳೆಯ ಕಾರ್ಟ್ರಿಡ್ಜ್‌ಗಳ ಮಾಹಿತಿಯನ್ನು ಹೊಸ ಪೀಳಿಗೆಯ ಟೇಪ್‌ಗೆ ನಕಲು ಮಾಡುವುದು. ಏರ್‌ ಗ್ಯಾಪ್‌ ಉಳಿಯುತ್ತದೆ, ದೀರ್ಘಾವಧಿಗೆ ಅಗ್ಗ. ಆದರೆ ಕೆಲವು ವರ್ಷಗಳಿಗೊಮ್ಮೆ ಇದೇ ಕೆಲಸ ಮತ್ತೆ ಮಾಡಬೇಕು. ಸಾಮಾನ್ಯ ಸರ್ವರ್‌ಗಳಲ್ಲಿ ಬಳಸುವ ಎಲ್‌ಟಿಒ ಟೇಪ್‌ಗಳನ್ನೇ ನೋಡಿ. ಏಳನೇ ಪೀಳಿಗೆಯವರೆಗೆ ಡ್ರೈವ್‌ಗಳು ಎರಡು ಪೀಳಿಗೆ ಹಿಂದಿನ ಟೇಪ್‌ ಓದುತ್ತಿದ್ದವು. ಎಂಟು ಮತ್ತು ಒಂಬತ್ತನೆಯವು ಒಂದು ಪೀಳಿಗೆ ಹಿಂದಿನದನ್ನು ಮಾತ್ರ ಓದುತ್ತವೆ. 2025ರಲ್ಲಿ ಬಂದ ಹತ್ತನೇ ಪೀಳಿಗೆಯ ಡ್ರೈವ್‌ ಹಿಂದಿನ ಯಾವುದನ್ನೂ ಓದುವುದಿಲ್ಲ.

2. ವರ್ಚುವಲ್‌ ಟೇಪ್‌: ಇಲ್ಲಿ ಮೇನ್‌ಫ್ರೇಮ್‌ಗೆ ತಾನು ಟೇಪ್‌ಗೆ ಬರೆಯುತ್ತಿದ್ದೇನೆ ಎಂದೇ ಅನಿಸುತ್ತದೆ. ನಿಜದಲ್ಲಿ ಮಾಹಿತಿ ಹೋಗುವುದು ಡಿಸ್ಕ್‌ಗೆ. ದಶಕಗಳ ಹಿಂದೆ ಬರೆದ ಪ್ರೋಗ್ರಾಂಗಳಲ್ಲಿ ಒಂದಕ್ಷರವನ್ನೂ ಬದಲಾಯಿಸಬೇಕಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. 90ರ ದಶಕದಲ್ಲಿ ಟೇಪ್‌ ಸಾಮರ್ಥ್ಯ 10 ಜಿಬಿಗೆ ಏರಿದರೂ ಪ್ರೋಗ್ರಾಂಗಳು ಬರೆಯುತ್ತಿದ್ದುದು ಚಿಕ್ಕ ಚಿಕ್ಕ ಫೈಲ್‌. ಕಾರ್ಟ್ರಿಡ್ಜ್‌ನ ಬಹುಪಾಲು ಖಾಲಿ ಉಳಿಯುತ್ತಿತ್ತು. ಅದಕ್ಕೆ ಪರಿಹಾರವಾಗಿ 400 ಅಥವಾ 800 ಎಂಬಿಯ ಕಾಲ್ಪನಿಕ ಟೇಪ್‌ಗಳನ್ನು ಡಿಸ್ಕ್‌ನಲ್ಲಿ ಸೃಷ್ಟಿಸಿ, ನಂತರ ಒಟ್ಟಿಗೆ ಒಂದು ನಿಜವಾದ ಟೇಪ್‌ಗೆ ತುಂಬುವ ವ್ಯವಸ್ಥೆಯನ್ನು ಐಬಿಎಂ 1997ರಲ್ಲಿ ಮಾರುಕಟ್ಟೆಗೆ ತಂದಿತು. 2006ರಲ್ಲಿ ಬಂದ ಟಿಎಸ್‌7700 ಸರಣಿ ಅದರ ಮುಂದುವರಿಕೆ.

3. ಕ್ಲೌಡ್‌: ಮೇನ್‌ಫ್ರೇಮ್‌ ಬ್ಯಾಕಪ್‌ ಅನ್ನು ನೇರವಾಗಿ ಅಥವಾ ವರ್ಚುವಲ್‌ ಟೇಪ್‌ ಮೂಲಕ ಕ್ಲೌಡ್‌ ಸಂಗ್ರಹಕ್ಕೆ ಕಳಿಸುವುದು. ಯಂತ್ರ, ಕಟ್ಟಡದ ಚಿಂತೆ ಇಲ್ಲ. ಆದರೆ ಇಡುವುದು ಅಗ್ಗವಾದರೂ ವಾಪಸ್‌ ತರುವಾಗ ಶುಲ್ಕ ಮತ್ತು ಸಮಯ ಎರಡೂ ಹೆಚ್ಚು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಎಲ್ಲವನ್ನೂ ಒಂದೇ ಬಾರಿ ಮರಳಿ ಪಡೆಯಲು ತಗಲುವ ವೆಚ್ಚವನ್ನು ಲೆಕ್ಕ ಹಾಕಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವರ್ಚುವಲ್‌ ಟೇಪ್‌ ಮತ್ತು ಕ್ಲೌಡ್‌ ಎರಡೂ ನೆಟ್‌ವರ್ಕ್‌ನಲ್ಲೇ ಇರುತ್ತವೆ. ಒಂದು ಊರಿನಲ್ಲಿ ಅಳಿಸಿದ್ದು ಇನ್ನೊಂದು ಊರಿನ ಪ್ರತಿಯಲ್ಲೂ ಅಳಿದುಹೋಗಬಹುದು. ‘ಟೇಪ್‌ ತೆಗೆದೆವು’ ಎನ್ನುವ ಸಂಸ್ಥೆ ಅದರ ಜತೆಗೆ ಏರ್‌ ಗ್ಯಾಪ್‌ ಅನ್ನೂ ತೆಗೆದಿರುತ್ತದೆ. ಆದ್ದರಿಂದ ನಿಗದಿತ ಅವಧಿಯವರೆಗೆ ಯಾರೂ ಅಳಿಸಲಾಗದ ಪ್ರತಿ ಅಥವಾ ಹೊರಗೆ ತೆಗೆದಿಟ್ಟ ಒಂದು ಟೇಪ್‌ ಪ್ರತಿ ಇರಲೇಬೇಕು.

ಸಾಗಿಸುವ ಕೆಲಸ: ಹಂತ ಹಂತವಾಗಿ

* ಲೆಕ್ಕ ತೆಗೆಯಿರಿ: ಕ್ಯಾಟಲಾಗ್‌, ನಿರ್ವಹಣಾ ಸಾಫ್ಟ್‌ವೇರ್‌, ಕಪಾಟಿನ ಬಾರ್‌ಕೋಡ್‌ ಮೂರನ್ನೂ ಹೋಲಿಸಿ. ಮೂರೂ ಹೊಂದದ ಟೇಪ್‌ಗಳೇ ಮೊದಲ ಸಮಸ್ಯೆ.
* ಬೇಡದ್ದನ್ನು ಬಿಡಿ: ಅವಧಿ ಮುಗಿದ ದಾಖಲೆ ನಕಲು ಮಾಡುವುದು ಹಣ ವ್ಯರ್ಥ. ಆದರೆ ಅಳಿಸುವ ಮುನ್ನ ಆ ವಿಭಾಗ ಮತ್ತು ಕಾನೂನು ತಂಡದ ಲಿಖಿತ ಒಪ್ಪಿಗೆ ಇರಲಿ.
* ಕೀಲಿ ಉಳಿಸಿ: 2006ರಿಂದ ಟೇಪ್‌ ಡ್ರೈವ್‌ಗಳೇ ಮಾಹಿತಿಯನ್ನು ಗೂಢಲಿಪಿಗೆ ಬದಲಿಸತೊಡಗಿವೆ. ಅದರ ಡಿಜಿಟಲ್‌ ಕೀಲಿ ಕಳೆದರೆ ಟೇಪ್‌ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.
* ಹಳೆಯದನ್ನು ಮೊದಲು ಓದಿ: ಅತಿ ಹಳೆಯ ಮತ್ತು ಡ್ರೈವ್‌ ಸಿಗದ ಬಗೆಯ ಟೇಪ್‌ಗಳಿಗೆ ಆದ್ಯತೆ ಕೊಡಿ.
* ದಿನಾಂಕ ಬದಲಾಗದಿರಲಿ: ನಕಲು ಮಾಡಿದ ದಿನವೇ ಸೃಷ್ಟಿಯಾದ ದಿನ ಎಂದು ದಾಖಲಾದರೆ ಕಾಪಾಡುವ ಅವಧಿ ತಪ್ಪುತ್ತದೆ. ಮೂಲ ದಿನಾಂಕವೇ ಮುಂದುವರಿಯಬೇಕು.
* ತಾಳೆ ನೋಡಿ: ಬರೆದ ನಂತರ ಮರಳಿ ಓದಿ, ದಾಖಲೆಗಳ ಸಂಖ್ಯೆ ಹೊಂದುತ್ತದೆಯೇ ನೋಡಿ.
* ಆತುರ ಬೇಡ: ಸ್ವಲ್ಪ ಕಾಲ ಹಳೆಯದು, ಹೊಸದು ಎರಡೂ ಇರಲಿ. ಹಳೆಯ ಟೇಪ್‌ ನಾಶ ಮಾಡುವುದು ಕೊನೆಯ ಹಂತ. ಇಂದಿನ ಕಾರ್ಟ್ರಿಡ್ಜ್‌ಗಳನ್ನು ಪ್ರಬಲ ಕಾಂತದಿಂದ ಅಳಿಸಿದರೆ ಡ್ರೈವ್‌ಗೆ ದಾರಿ ತೋರುವ ಗುರುತುಗಳೂ ಅಳಿಯುತ್ತವೆ, ಮತ್ತೆ ಬಳಸಲಾಗದು.

ತಾಪಮಾನ, ತೇವಾಂಶದ ಲೆಕ್ಕ

ದೀರ್ಘಕಾಲ ಇಡುವ ಎಲ್‌ಟಿಒ ಟೇಪ್‌ಗೆ 16ರಿಂದ 25 ಡಿಗ್ರಿ ಸೆಲ್ಸಿಯಸ್‌ ತಾಪಮಾನ, ಶೇ. 20ರಿಂದ 50ರಷ್ಟು ತೇವಾಂಶ ಸೂಕ್ತ. ಹೈದರಾಬಾದ್‌ನ ಮೇ ತಿಂಗಳ ಸೆಕೆ, ಮಂಗಳೂರಿನ ಜುಲೈ ತಿಂಗಳ ಮಳೆ ಎರಡೂ ಈ ಮಿತಿಯಿಂದ ಬಹಳ ಹೊರಗೆ. ತೇವಾಂಶ ಹೆಚ್ಚಾದರೆ ಲೇಪನವನ್ನು ಹಿಡಿದಿಡುವ ಅಂಟು ಸಡಿಲವಾಗುತ್ತದೆ. 70, 80ರ ದಶಕದ ಹಲವು ಟೇಪ್‌ಗಳು ಹೀಗೇ ಹಾಳಾದವು. ಬೇರೆ ಕಟ್ಟಡದಿಂದ ತಂದ ಟೇಪ್‌ ಅನ್ನು ತಕ್ಷಣ ಡ್ರೈವ್‌ಗೆ ಹಾಕದೆ ಒಂದು ದಿನ ಕೋಣೆಯ ವಾತಾವರಣಕ್ಕೆ ಹೊಂದಿಕೊಳ್ಳಲು ಬಿಡಬೇಕು.

ಭಾರತದ ನಿಯಮಗಳು ಏನನ್ನುತ್ತವೆ?

2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಕನಿಷ್ಠ 8 ಹಣಕಾಸು ವರ್ಷ ಕಾಪಾಡಬೇಕು. ದೇಶದ ಪಾವತಿ ವ್ಯವಸ್ಥೆಗೆ ಸಂಬಂಧಿಸಿದ ಮಾಹಿತಿ ಭಾರತದಲ್ಲೇ ಇರಬೇಕು ಎಂದು ರಿಸರ್ವ್‌ ಬ್ಯಾಂಕ್‌ 2018ರ ಏಪ್ರಿಲ್‌ನಲ್ಲಿ ಸೂಚಿಸಿದೆ. ಕ್ಲೌಡ್‌ ಆಯ್ಕೆ ಮಾಡುವವರು ಸರ್ವರ್‌ ಯಾವ ದೇಶದಲ್ಲಿದೆ ಎಂದು ನೋಡಬೇಕಾದ್ದು ಇದಕ್ಕೇ. ಇನ್ನು 2023ರ ಡಿಜಿಟಲ್‌ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿನ ಅಗತ್ಯ ಇಲ್ಲದಿದ್ದರೆ, ವೈಯಕ್ತಿಕ ಮಾಹಿತಿ ಅಳಿಸಬೇಕು ಎನ್ನುತ್ತದೆ. ಕಾಪಾಡು ಎನ್ನುವ ಕಾನೂನೂ ಇದೆ, ಅಳಿಸು ಎನ್ನುವ ಕಾನೂನೂ ಇದೆ. ‘ಎಲ್ಲವನ್ನೂ ಸದಾ ಇಟ್ಟುಕೊಳ್ಳೋಣ’ ಎಂಬ 99365 ಧೋರಣೆ ಇನ್ನು ನಡೆಯದು.

ನಿಮ್ಮ ಸಂಸ್ಥೆಯಲ್ಲಿ ಕೇಳಬೇಕಾದ 5 ಪ್ರಶ್ನೆ

1. ನಮ್ಮಲ್ಲಿರುವ ಅತಿ ಹಳೆಯ ಟೇಪ್‌ ಯಾವುದು? ಅದನ್ನು ಓದುವ ಡ್ರೈವ್‌ ಇಂದು ಕೆಲಸ ಮಾಡುತ್ತಿದೆಯೇ?
2. ಕ್ಯಾಟಲಾಗ್‌ ಮತ್ತು ಗೂಢಲಿಪಿ ಕೀಲಿಗಳ ಪ್ರತಿ ಬೇರೆ ಊರಿನಲ್ಲಿದೆಯೇ?
3. ನೆಟ್‌ವರ್ಕ್‌ಗೆ ಸಿಗದ ಒಂದು ಪ್ರತಿಯಾದರೂ ಇದೆಯೇ?
4. ಪೂರ್ತಿ ಮಾಹಿತಿ ಮರಳಿ ತರಲು ಎಷ್ಟು ಸಮಯ ಬೇಕು? ಸೆಕೆಂಡಿಗೆ 400 ಎಂಬಿ ವೇಗದ ಒಂದು ಡ್ರೈವ್‌ನಲ್ಲಿ 20 ಟಿಬಿ ಓದಲು ಸುಮಾರು 14 ಗಂಟೆ ಬೇಕು.
5. ಬ್ಯಾಕಪ್‌ನಿಂದ ನಿಜವಾಗಿ ಒಂದು ಫೈಲ್‌ ಮರಳಿ ತಂದು ನೋಡಿದ್ದು ಕೊನೆಯದಾಗಿ ಯಾವಾಗ?

ಐದನೇ ಪ್ರಶ್ನೆಗೆ ದಿನಾಂಕ ಸಹಿತ ಉತ್ತರ ಸಿಗದಿದ್ದರೆ ಹೊಸ ಯಂತ್ರ ಕೊಳ್ಳುವ ಮಾತು ನಂತರ ಇರಲಿ. ಮೊದಲು ಕಪಾಟಿನಿಂದ ಒಂದು ಹಳೆಯ ಟೇಪ್‌ ತೆಗೆದು ಓದಿ ನೋಡುವುದು ಒಳಿತು.